ತೋಡಿನ ಸದ್ದಿಂದ ಕರೆಂಟ್ ಬರ್ತದಾ? ಮಾದಾಪುರ ಕಡೆಯ ಒಂದು ತೋಟದ ಮಳೆ ಮಿಷನ್ನಿನ ಕೇಸ್

ಕಳೆದ ವರ್ಷ ಮೇ ಕೊನೆಯಲ್ಲಿ ಮಾದಾಪುರ ಕಡೆಯ ಒಬ್ರು ಕಾಫಿ ಬೆಳೆಗಾರರು ಸೋಮವಾರಪೇಟೆಯ ನನ್ನ ರಿಪೇರಿ ಅಂಗಡಿಗೆ ಬಂದು ಮೊಬೈಲಲ್ಲಿ ಒಂದು ವಿಡಿಯೋ ತೋರಿಸಿದ್ರು. ಅದರಲ್ಲಿ ಒಬ್ಬ ಹಿತ್ತಾಳೆ ಬಿಲ್ಲೆಗಳನ್ನ ಸಾಲಾಗಿ ಅಂಟಿಸಿ ಸ್ಪೀಕರ್ ಎದುರು ಇಡ್ತಾನೆ, ಎಲ್‌ಇಡಿ ಹೊತ್ತಿಕೊಳ್ತದೆ, ಸ್ವಲ್ಪ ಹೊತ್ತಿಗೆ ಫೋನೂ ಚಾರ್ಜ್ ಆಗ್ತದೆ. "ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಸದ್ದಿಗೆ ಎಂತ ಬರಗಾಲ ಮಾರಾಯ, ತೋಡು ಬೊಬ್ಬೆ ಹೊಡೀತದೆ, ಶೀಟಿನ ಮೇಲೆ ಮಳೆ, ಕರೆಂಟ್ ಹೋದ್ರೆ ಜನರೇಟರ್, ಇಲ್ಲದ್ದು ಬಿಸಿಲೊಂದೇ. ಈ ಸದ್ದಲ್ಲೇ ನಮ್ಮ ಮಳೆ ಮಿಷನ್ನಿಗೆ ಕರೆಂಟ್ ಮಾಡಿಕೊಡು" ಅಂದ್ರು. ತೋಡು ಅಂದ್ರೆ ನಮ್ಮ ಕಡೆ ಸಣ್ಣ ಹಳ್ಳ. ನಾನು ಅವರನ್ನ ಅಂಕಲ್ ಅಂತಾನೇ ಕರೆಯೋದು, ಇಲ್ಲೂ ಹಾಗೇ ಬರೀತೀನಿ.

ಮಳೆ ಮಿಷನ್ ಅಂದ್ರೆ ಏನು ಅಂತ ಮೊದಲು ಹೇಳ್ಬೇಕು, ಯಾಕಂದ್ರೆ ಈ ಕೇಸಿನ ಜೀವ ಅಲ್ಲೇ ಇರೋದು. ಕೊಡಗಿನ ತೋಟಗಳಲ್ಲಿ ಮಳೆ ಬರೆದಿಡೋದು ಹಳೇ ರೂಢಿ, ಮಿಲಿಮೀಟರಲ್ಲಿ ಅಲ್ಲ, ಇಂಚು ಮತ್ತೆ ಸೆಂಟ್ಸಲ್ಲಿ. ಒಂದು ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್. ಅಂಕಲ್ ಮನೇಲಿ ಅವರ ಅಪ್ಪನ ಕಾಲದಿಂದ ದಪ್ಪ ರಟ್ಟಿನ ಪುಸ್ತಕಗಳಿವೆ, ದಿನಾ ಬೆಳಿಗ್ಗೆ ಎಂಟೂವರೆಗೆ ಅಳತೆ, ಕಾಫಿ ಹೂ ಅರಳಿಸೋ ಹೂಮಳೆ ಬಿದ್ದ ದಿನಕ್ಕೆ ಕೆಂಪು ಪೆನ್ನು. ಆದ್ರೆ ಆ ಅಳತೆ ಮನೆ ಅಂಗಳದ್ದು. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆಯೆಲ್ಲ ಬೆಟ್ಟಕ್ಕೆ ಬೆಟ್ಟವೇ ಜರಿದ ಮೇಲೆ ಅವರಿಗೆ ಅಂಗಳದ ಮಳೆ ಸಾಲದು ಅನ್ನಿಸ್ತು. ಕೆಲಸದವರ ಲೈನ್ ಮನೆಗಳು ಇರೋದು ಬರೆಯ, ಅಂದ್ರೆ ಕಡಿದಾದ ಮಣ್ಣಿನ ಗೋಡೆಯ, ಬುಡದಲ್ಲಿ, ಮೇಲೆ ಗುಡ್ಡದಲ್ಲಿ ಎಷ್ಟು ಸುರೀತಿದೆ ಅಂತ ಕೆಳಗೆ ಗೊತ್ತಾಗೋದಿಲ್ಲ, ಅಲ್ಲಿರೋರನ್ನ ಯಾವಾಗ ಗೋಡೌನಿಗೆ ಕಳಿಸ್ಬೇಕು ಅಂತ ತೀರ್ಮಾನ ಮಾಡೋದಕ್ಕೆ ಮೇಲಿನ ಮಳೆ ಲೆಕ್ಕ ಬೇಕು. ಅದಕ್ಕೇ ಗುಡ್ಡದ ತಲೆಯಲ್ಲಿ ತಾನಾಗೇ ಅಳೆದು ಫೋನಿಗೆ ಮೆಸೇಜ್ ಕಳಿಸೋ, ಸೋಲಾರಲ್ಲಿ ಓಡೋ ಮಿಷನ್ ಹಾಕಿಸಿದ್ರು. ಅದು ಬೇಸಿಗೇಲಿ ಚೆನ್ನಾಗಿ ಕೆಲಸ ಮಾಡ್ತದೆ, ಜುಲೈಯಲ್ಲಿ ಮೋಡ ಕಟ್ಟಿ ಐದು ದಿನ ಆಗೋಷ್ಟರಲ್ಲಿ ಸುಮ್ಮನಾಗ್ತದೆ. ಅಂದ್ರೆ ಬೇಕಾದ ದಿನವೇ ಇಲ್ಲ. ಎರಡು ಮಳೆಗಾಲ ಹೀಗೇ ಆಗಿತ್ತು.

ಹಾಗಾಗಿ ಅವರು ಕೇಳಿದ್ದನ್ನ ನಾನು ಹಗುರವಾಗಿ ತಗೊಳ್ಳಲಿಲ್ಲ, ಆಗೋದಿಲ್ಲ ಅಂತ ಬಾಯಲ್ಲಿ ಹೇಳೋದಕ್ಕಿಂತ ಅವರ ತೋಟದಲ್ಲೇ ಅಳೆದು ನೋಡೋದು ಸರಿ ಅನ್ನಿಸ್ತು. ಆ ಮಳೆಗಾಲ ಪೂರ್ತಿ ಅಳೆದದ್ದು ಇಲ್ಲಿದೆ.

ಮೊದಲು ಸದ್ದಲ್ಲಿ ಎಷ್ಟು ಶಕ್ತಿ ಇದೆ ಅನ್ನೋದು. ಡೆಸಿಬೆಲ್ ಲೆಕ್ಕ ನಮ್ಮನ್ನ ಮೋಸ ಮಾಡೋದು ಸುಲಭ, ಯಾಕಂದ್ರೆ ಹತ್ತು ಡೆಸಿಬೆಲ್ ಏರಿದ್ರೆ ಶಕ್ತಿ ಹತ್ತು ಪಟ್ಟು ಆಗ್ತದೆ, ಕಿವಿಗೆ ಮಾತ್ರ ಸುಮಾರು ಎರಡು ಪಟ್ಟು ಜೋರು ಅನ್ನಿಸ್ತದೆ. ಎದುರು ಕೂತು ಮಾತಾಡೋ ಸದ್ದು 60 ಡೆಸಿಬೆಲ್ ಹತ್ರ, ಅಂದ್ರೆ ಒಂದು ಚದರ ಮೀಟರ್ ಜಾಗದ ಮೇಲೆ ಬೀಳೋದು ಒಂದೇ ಒಂದು ಮೈಕ್ರೋವ್ಯಾಟ್. 90 ಡೆಸಿಬೆಲ್ ಅಂದ್ರೆ ಪಕ್ಕದವರಿಗೆ ಕೂಗಿ ಹೇಳ್ಬೇಕಾದಷ್ಟು ಗಲಾಟೆ, ಅದರಲ್ಲಿರೋದು ಚದರ ಮೀಟರಿಗೆ ಒಂದು ಮಿಲಿವ್ಯಾಟ್. ಕಿವಿ ನೋಯೋ 120 ಡೆಸಿಬೆಲ್ಲಿಗೆ ಹೋದ್ರೆ ಆಗ ಒಂದು ವ್ಯಾಟ್. ಮಧ್ಯಾಹ್ನದ ಬಿಸಿಲು ಅದೇ ಚದರ ಮೀಟರಿಗೆ ಸಾವಿರ ವ್ಯಾಟ್ ಹತ್ರ ಸುರೀತದೆ. ನಮ್ಮ ಸುತ್ತ ಗಾಳಿಯ ಒತ್ತಡ ಒಂದು ಲಕ್ಷ ಪ್ಯಾಸ್ಕಲ್ ಇದ್ರೆ 94 ಡೆಸಿಬೆಲ್ ಸದ್ದು ಅದನ್ನ ಅಲ್ಲಾಡಿಸೋದು ಬರೀ ಒಂದು ಪ್ಯಾಸ್ಕಲ್, ಲಕ್ಷದಲ್ಲಿ ಒಂದು. ಇಷ್ಟು ಸಣ್ಣ ಅಲುಗಾಟವನ್ನ ಬೊಬ್ಬೆ ಅಂತ ಹಿಡೀತದಲ್ಲ, ಕಿವಿಯ ಆ ಸೂಕ್ಷ್ಮಕ್ಕೆ ಎಷ್ಟು ಬೆರಗಾದ್ರೂ ಸಾಲದು.

ವಿಡಿಯೋದ ಫೋನ್ ಚಾರ್ಜಿಂಗ್ ಮಾತನ್ನ ಅಂಕಲಿಗೆ ತೋಟದ ಅಳತೆಯಲ್ಲೇ ಹೇಳಿದೆ. ಸಾಧಾರಣ ಚಾರ್ಜರ್ 5 ವ್ಯಾಟ್ ಅಂದ್ಕೊಳ್ಳಿ. 90 ಡೆಸಿಬೆಲ್ ಸದ್ದಿಂದ 5 ವ್ಯಾಟ್ ತೆಗೀಬೇಕು ಅಂದ್ರೆ ಒಂದು ಚೂರೂ ಪೋಲಾಗದೆ ಹಿಡಿದ್ರೂ 5000 ಚದರ ಮೀಟರ್ ಬೇಕು, ಅಂದ್ರೆ ಒಂದೂಕಾಲು ಎಕರೆ ಕಾಫಿ ಕಿತ್ತು ಅಲ್ಲೆಲ್ಲ ಬಿಲ್ಲೆ ಹಾಸ್ಬೇಕು. ಅವರು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ನಂಗೆ ಫೋನ್ ಚಾರ್ಜ್ ಬೇಡ, ಮಿಷನ್ನಿಗೆ ಎಷ್ಟು ಬೇಕೋ ಅಷ್ಟು ಬಂದ್ರೆ ಸಾಕಲ್ಲ" ಅಂದ್ರು. ಆ ಪ್ರಶ್ನೆ ಸರಿಯಾದ ಪ್ರಶ್ನೆ.

ಬಿಲ್ಲೆ ಅಂದ್ರೆ ಪೀಜೋ, ಬಜರ್ ಒಳಗೆ ಇರ್ತದಲ್ಲ, ಹಿತ್ತಾಳೆ ತಟ್ಟೆ ಮೇಲೆ ಬಿಳೀ ಪಿಂಗಾಣಿ ಪದರ, ಅದೇ. ಕೆಲವು ಹರಳುಗಳನ್ನ ಒತ್ತಿದ್ರೆ ವಿದ್ಯುತ್ ಹುಟ್ಟುತ್ತದೆ ಅಂತ ಪಿಯರ್ ಕ್ಯೂರಿ ಮತ್ತೆ ಅವರ ಅಣ್ಣ ಜ್ಯಾಕ್ ಕ್ಯೂರಿ 1880ರಲ್ಲಿ ತೋರಿಸಿದ್ದು. ತೊಂದರೆ ಏನಂದ್ರೆ ಗಾಳಿ ಮೆತ್ತಗೆ, ಪಿಂಗಾಣಿ ಕಲ್ಲಿನ ಹಾಗೆ ಗಟ್ಟಿ. ಗಾಳಿಯಲ್ಲಿ ಬಂದ ಸದ್ದು ನೇರ ಆ ಪದರಕ್ಕೆ ಬಡಿದ್ರೆ ಹೆಚ್ಚುಕಮ್ಮಿ ಎಲ್ಲಾ ವಾಪಸ್ ಹೋಗ್ತದೆ, ಒಳಗೆ ಹೋಗೋದು ಹತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ. ಅದಕ್ಕೇ ಮಧ್ಯೆ ಅನುರಣಕ ಬೇಕು, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಹೆಸರಲ್ಲಿರೋದು. ಖಾಲಿ ಬಾಟ್ಲಿ ಬಾಯಿಗೆ ಊದಿದ್ರೆ ಬೂಂ ಅನ್ನೋದು ಇದೇ ತತ್ವ, ಹೊಟ್ಟೆ ಎಷ್ಟು ದೊಡ್ಡದು, ಕತ್ತು ಎಷ್ಟು ಉದ್ದ ಎಷ್ಟು ಅಗಲ ಅನ್ನೋದರ ಮೇಲೆ ಒಂದು ಸ್ವರಕ್ಕೆ ಮಾತ್ರ ಅದು ತುಂಬಿಕೊಂಡು ಕುಣೀತದೆ.

ನಾನು ನಾಲ್ಕಿಂಚು ಪಿವಿಸಿ ಪೈಪಲ್ಲಿ ಮಾಡಿದೆ, ಒಳಗೆ ಎರಡು ಲೀಟರ್ ಜಾಗ, 40 ಮಿಲಿಮೀಟರ್ ಅಗಲದ 5 ಸೆಂಟಿಮೀಟರ್ ಉದ್ದದ ಕತ್ತು, ಲೆಕ್ಕದಲ್ಲಿ 150 ಹರ್ಟ್ಸಿಗೆ ಕೂರ್ತದೆ, ಹಿಂದಿನ ಮುಚ್ಚಳದ ಜಾಗದಲ್ಲಿ ತೆಳು ಪ್ಲಾಸ್ಟಿಕ್ ಹಾಳೆ, ಅದರ ನಡುವೆ 27 ಮಿಲಿಮೀಟರ್ ಬಿಲ್ಲೆ. ಬಿಲ್ಲೆಯಿಂದ ಬರೋದು ಹಿಂದೆಮುಂದೆ ಓಡೋ ಕರೆಂಟ್, ಅದನ್ನ ನಾಲ್ಕು ಡಯೋಡಿನ ಬ್ರಿಡ್ಜಲ್ಲಿ ಒಂದೇ ಕಡೆಗೆ ತಿರುಗಿಸಿ ಕೆಪಾಸಿಟರಿಗೆ ತುಂಬಿಸೋದು.

ಇಲ್ಲಿ ಒಂದು ವಾರ ಹೋಯ್ತು, ಬೇರೆಯವರಿಗೆ ಆ ವಾರ ಉಳೀಲಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಎಲ್ಲರೂ ಹೇಳೋ ಹಾಗೆ ವೋಲ್ಟೇಜ್ ಕಮ್ಮಿ ತಿನ್ನೋ ಶಾಟ್ಕಿ ಡಯೋಡ್, 1ಎನ್5819, ಹಾಕಿದೆ, 1000 ಮೈಕ್ರೋಫ್ಯಾರಡ್ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಹಾಕಿದೆ, ತೋಡಿನ ಹತ್ರ ಇಡೀ ಮಧ್ಯಾಹ್ನ ಇಟ್ರೂ ಮೀಟರ್ ಸೊನ್ನೆ ಬಿಟ್ಟು ಏಳ್ಲಿಲ್ಲ. ಬಿಲ್ಲೆ ಕೊಡೋದಕ್ಕಿಂತ ಜಾಸ್ತಿ ಕರೆಂಟನ್ನ ಆ ಡಯೋಡು ಮತ್ತೆ ಆ ಕೆಪಾಸಿಟರೇ ಸೋರಿಸ್ತಾ ಇದ್ವು. ತೂತು ಕೊಡಪಾನಕ್ಕೆ ಹನಿ ಹನಿ ನೀರು ಬಿಟ್ಟ ಹಾಗೆ. ಡಯೋಡ್ ಬದಲಿಸಿ ಮಾಮೂಲಿ 1ಎನ್4148 ಹಾಕಿದೆ, ಅದು ವೋಲ್ಟೇಜ್ ಜಾಸ್ತಿ ತಿಂದ್ರೂ ಸೋರಿಕೆ ತುಂಬಾ ಕಮ್ಮಿ, ಕೆಪಾಸಿಟರ್ 10 ಮೈಕ್ರೋಫ್ಯಾರಡಿನ ಫಿಲ್ಮ್ ತರದ್ದು. ಆಗ ಮುಳ್ಳು ಅಲ್ಲಾಡ್ತು. ಮೀಟರನ್ನೂ ಸದಾ ಸಿಕ್ಕಿಸಿ ಇಡಬಾರದು, ಇಷ್ಟು ಸಣ್ಣ ಕರೆಂಟಿಗೆ ಮೀಟರೇ ಒಂದು ಲೋಡ್, ಹತ್ತು ನಿಮಿಷಕ್ಕೊಮ್ಮೆ ಮುಟ್ಟಿಸಿ ತೆಗೀಬೇಕು. ಬರೀ ವೋಲ್ಟ್ ನೋಡಿ ಖುಷಿ ಪಡೋದೂ ಬೇಡ. ಬಿಲ್ಲೆಯನ್ನ ಬೆರಳಲ್ಲಿ ತಟ್ಟಿದ್ರೆ ಹತ್ತಿಪ್ಪತ್ತು ವೋಲ್ಟ್ ಚಿಮ್ಮುತ್ತದೆ, ಎಲ್‌ಇಡಿ ಮಿಂಚುತ್ತದೆ, ವಿಡಿಯೋದಲ್ಲಿ ಅಷ್ಟೇ ಕಾಣೋದು. ಎಷ್ಟು ಹೊತ್ತಲ್ಲಿ ಎಷ್ಟು ಕೆಪಾಸಿಟರ್ ಎಷ್ಟು ವೋಲ್ಟಿಗೆ ತುಂಬ್ತು ಅನ್ನೋದೊಂದೇ ನಂಬೋ ಲೆಕ್ಕ.

ಜುಲೈ ಮೊದಲ ವಾರ ತೋಡಿನ ಹತ್ರ. ಮನೆ ಹಿಂದೆ ನಾಲ್ಕು ಮೀಟರ್ ಎತ್ತರದಿಂದ ನೀರು ಬೀಳೋ ಒಂದು ಜಾಗ ಇದೆ, ಐದು ಮೀಟರ್ ದೂರದಲ್ಲಿ ನಿಂತ್ರೆ 85 ಡೆಸಿಬೆಲ್. ನೀರಿನ ಸದ್ದಲ್ಲಿ ಎಲ್ಲಾ ಸ್ವರಗಳೂ ಹರಡಿಕೊಂಡಿರ್ತವೆ, ನನ್ನ ಪೈಪು ಹಿಡಿಯೋದು ಅದರಲ್ಲಿ 150 ಹರ್ಟ್ಸ್ ಆಸುಪಾಸಿನ ಒಂದು ಎಳೆ ಮಾತ್ರ. 20 ನಿಮಿಷಕ್ಕೆ ಕೆಪಾಸಿಟರ್ 0.6 ವೋಲ್ಟ್. ಲೆಕ್ಕ ಹಾಕಿದ್ರೆ ಒಂದೂವರೆ ನ್ಯಾನೋವ್ಯಾಟ್, ಮೈಕ್ರೋವ್ಯಾಟ್ ಕೂಡ ಅಲ್ಲ.

ಆವತ್ತು ಅಲ್ಲೇ ಕಲ್ಲಿನ ಮೇಲೆ ಕೂತು ಇನ್ನೊಂದು ಲೆಕ್ಕ ಹಾಕಿದ್ವಿ, ನನ್ನ ಮಟ್ಟಿಗೆ ಈ ಕೇಸಲ್ಲಿ ಅದೇ ದೊಡ್ಡದು. ಐದು ಮೀಟರ್ ದೂರದಲ್ಲಿ ಒಂದು ಗುಮ್ಮಟ ಕಟ್ಟಿ ಆ ಅಬ್ಬಿಯ ಸದ್ದು ಒಂದು ಚೂರೂ ಹೊರಗೆ ಹೋಗದ ಹಾಗೆ ಹಿಡಿದ್ವಿ ಅಂತ ಇಟ್ಕೊಳ್ಳಿ, ಒಟ್ಟು ಸಿಗೋದು 50 ಮಿಲಿವ್ಯಾಟ್. ಅದೇ ನೀರು ಸೆಕೆಂಡಿಗೆ ಐದು ಲೀಟರ್ ಲೆಕ್ಕದಲ್ಲಿ ನಾಲ್ಕು ಮೀಟರ್ ಬೀಳೋದರಲ್ಲಿ ಇರೋದು ಸುಮಾರು 200 ವ್ಯಾಟ್. ನಾಲ್ಕು ಸಾವಿರ ಪಟ್ಟು ವ್ಯತ್ಯಾಸ. ನೀರು ತನ್ನ ಶಕ್ತಿಯನ್ನೆಲ್ಲ ಕಲ್ಲಿಗೆ ಬಡಿದು, ಸುಳಿ ತಿರುಗಿ, ಬಿಸಿಯಾಗಿ ಕಳೀತದೆ, ಸದ್ದಾಗಿ ಹೊರಗೆ ಬರೋದು ಉಗುರಿಗೆ ಮೆತ್ತಿದ ಹಿಟ್ಟಿನಷ್ಟು. ಮಲೆನಾಡಲ್ಲಿ ಎಷ್ಟೋ ಮನೆಯವರು ಇಂಥ ತೋಡಿಗೇ ಪೈಪ್ ಹಾಕಿ ಸಣ್ಣ ಟರ್ಬೈನ್ ತಿರುಗಿಸಿ ಮನೆ ಬೆಳಗಿಸಿಕೊಂಡಿದ್ದಾರೆ. ಅಂಕಲ್ ಮನೆಗೂ ಅದನ್ನ ಮಾಡ್ಬಹುದು, ಆದ್ರೆ ಮಿಷನ್ ಇರೋದು ಗುಡ್ಡದ ತಲೆಯಲ್ಲಿ, ತೋಡು ಕೆಳಗೆ, ಒಂದೂವರೆ ಕಿಲೋಮೀಟರ್ ವೈರ್ ಎಳೆದ್ರೆ ಆನೆ ಬಿಡೋದಿಲ್ಲ.

ಶೀಟಿನ ಮಳೆ. ಇದರ ಮೇಲೆ ಅಂಕಲಿಗೆ ಬಹಳ ನಂಬಿಕೆ ಇತ್ತು, ಮನೆ ಒಳಗೆ ಮಾತೇ ಕೇಳಿಸದಷ್ಟು ಸದ್ದು ಆಗ್ತದಲ್ಲ. ಗಂಟೆಗೆ ಎರಡಿಂಚು ಹೊಡೆಯೋ ಮಳೆ ಅಂದ್ರೆ ಚದರ ಮೀಟರಿಗೆ ಗಂಟೆಗೆ 50 ಕೆಜಿ ನೀರು, ಮಧ್ಯಮ ಗಾತ್ರದ ಹನಿ ಸೆಕೆಂಡಿಗೆ ಆರೂವರೆ ಮೀಟರ್ ವೇಗದಲ್ಲಿ ಬಡೀತದೆ, ಆ ಬಡಿತದ ಶಕ್ತಿಯನ್ನೆಲ್ಲ ಸೇರಿಸಿದ್ರೂ ಚದರ ಮೀಟರಿಗೆ 0.3 ವ್ಯಾಟ್ ಆಗ್ತದೆ, ಸದ್ದು ಅದರೊಳಗಿನ ಒಂದು ಚೂರು. ಇಲ್ಲಿ ಬಿಲ್ಲೆಯನ್ನ ಗಾಳಿಗೆ ಒಡ್ಡೋ ಬದಲು ಶೀಟಿಗೇ ಅಂಟಿಸಿದೆ, ಗಾಳಿಯ ತಕರಾರು ತಪ್ಪಿತು. ಬಿಲ್ಲೆ ಹತ್ರ ಬಿದ್ದ ಒಂದೊಂದು ದಪ್ಪ ಹನಿಗೂ ನಾಲ್ಕೈದು ವೋಲ್ಟ್ ಚಿಮ್ಮೋದು ಕಾಣ್ತು. ಬಿಲ್ಲೆಯ ಕೆಪಾಸಿಟೆನ್ಸ್ 20 ನ್ಯಾನೋಫ್ಯಾರಡ್, ಹಾಗಾಗಿ ಹನಿಗೆ ಕಾಲು ಮೈಕ್ರೋಜೂಲ್, ಸೆಕೆಂಡಿಗೆ ಹತ್ತು ಹನಿ ಅಂದ್ರೂ ಎರಡೂವರೆ ಮೈಕ್ರೋವ್ಯಾಟ್. ತೋಡಿಗಿಂತ ಸಾವಿರ ಪಟ್ಟು ಒಳ್ಳೇದು, ಆದ್ರೂ ಸಾಲದು. ಈ ನಾಲ್ಕೈದು ವೋಲ್ಟನ್ನ ನೆನಪಲ್ಲಿ ಇಟ್ಕೊಳ್ಳಿ, ಆಮೇಲೆ ಬೇಕಾಗ್ತದೆ.

ಜನರೇಟರ್ ಹತ್ರ 98 ಡೆಸಿಬೆಲ್ ಇತ್ತು, ಒಂದೇ ಸ್ವರ ಗಟ್ಟಿಯಾಗಿ ಹಿಡಿದು ಕೂಗೋದರಿಂದ ನನ್ನ ಪೈಪಿಗೆ ಸರಿಯಾದ ಆಹಾರ ಅದೇ. ಎರಡು ನಿಮಿಷಕ್ಕೆ 3 ವೋಲ್ಟ್, ಅಂದ್ರೆ 0.4 ಮೈಕ್ರೋವ್ಯಾಟ್ ಹತ್ರ. ಮನೇಲಿ ಗೀಸರ್ ಹಾಕಿದ ತಕ್ಷಣ ಎಂಜಿನ್ ಸ್ವಲ್ಪ ನಿಧಾನ ಆಯ್ತು, ಸ್ವರ ಇಳೀತು, ಪೈಪಿನ 150 ಹರ್ಟ್ಸ್ ತಪ್ಪಿ ಹೋಯ್ತು, ತುಂಬೋದು ನಿಂತೇ ಹೋಯ್ತು. ಅದೇ ಜನರೇಟರಿನ ಕಬ್ಬಿಣದ ಫ್ರೇಮಿಗೆ ಇನ್ನೊಂದು ಬಿಲ್ಲೆಯನ್ನ ಪಟ್ಟಿ ಮೇಲೆ ಕೂರಿಸಿ ತುದಿಗೆ ಒಂದು ನಟ್ಟು ಭಾರ ಕಟ್ಟಿದಾಗ 40 ಮೈಕ್ರೋವ್ಯಾಟ್ ಬಂತು, ನೂರು ಪಟ್ಟು. ಗಾಳೀಲಿ ಬರೋ ಸದ್ದಿಗಿಂತ ಮೈಯಲ್ಲಿರೋ ನಡುಕ ಯಾವಾಗಲೂ ಮೇಲು, ಕಾರ್ಖಾನೆಗಳಲ್ಲಿ ಮೋಟರಿನ ನಡುಕದಿಂದ ಸೆನ್ಸರ್ ಓಡಿಸ್ತಾರಲ್ಲ, ಅದು ಈ ದಾರಿಯದ್ದೇ. ನಮಗೆ ಮಾತ್ರ ಉಪಯೋಗ ಇಲ್ಲ, ಜನರೇಟರ್ ಓಡೋವಾಗ ಅದರ ವೈರಲ್ಲೇ ಕರೆಂಟ್ ಇರ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ನೋಡೋಣ ಅಂದ್ರೆ ಅದು ತಿರುಗೋದು ಕುಯ್ಲಿಗೆ, ನವೆಂಬರ್ ಮೇಲೆ, ಮಳೆಗಾಲದಲ್ಲಿ ಟಾರ್ಪಾಲ್ ಹೊದ್ದು ಮಲಗಿರ್ತದೆ.

ಹಾಗಾದ್ರೆ ಸದ್ದಿಂದ ಏನೂ ನಡೆಯೋದೇ ಇಲ್ವಾ ಅಂದ್ರೆ ನಡೀತದೆ. ಹಡಗುಗಳಲ್ಲಿ ಬ್ಯಾಟರಿನೇ ಇಲ್ಲದ ಟೆಲಿಫೋನ್ ಇದೆ, ಮಾತಾಡೋನ ದನಿಯೇ ಅದರ ಕರೆಂಟ್, ಹಡಗಿನ ವಿದ್ಯುತ್ ಪೂರ್ತಿ ಹೋದ್ರೂ ಎಂಜಿನ್ ರೂಮಿಗೆ ಮಾತು ತಲುಪ್ತದೆ. ಅದು ನಡೆಯೋದು ಯಾಕೆ ಅಂದ್ರೆ ಆ ತುದಿಯಲ್ಲಿರೋದು ಮನುಷ್ಯನ ಕಿವಿ, ಅದಕ್ಕೆ ಅಷ್ಟೇ ಸಾಕು. ಸದ್ದಿಂದ ಭಾರ ಎತ್ತಿಸೋದು ಕಷ್ಟ, ಸುದ್ದಿ ಮುಟ್ಟಿಸೋದು ಅದಕ್ಕೆ ಬರ್ತದೆ. ಇದು ಹೊಳೆದ ಮೇಲೆ ನಾನು ಕೆಲಸ ತಿರುಗಿಸಿ ಹಿಡಿದೆ.

ಹಳೇ ಮಿಷನ್ ಬಿಚ್ಚಿ ನೋಡಿದೆ. ಮಾಡಿಕೊಟ್ಟವರ ಉದ್ದೇಶ ಒಳ್ಳೇದೇ, ಆದ್ರೆ ಒಳಗೆ ಇದ್ದದ್ದು ಕಾಲೇಜು ಪ್ರಾಜೆಕ್ಟಿಗೆ ಬಳಸೋ ಬೋರ್ಡು, ಮಲಗಿದ್ರೂ 45 ಮಿಲಿಆಂಪ್ ಕುಡಿಯೋದು, ಪಕ್ಕದಲ್ಲಿ ಸಿಮ್ ಹಾಕೋ ಮಾಡ್ಯೂಲ್ ಯಾವಾಗಲೂ ಟವರ್ ಹುಡುಕ್ತಾ 20 ಮಿಲಿಆಂಪ್. ಒಟ್ಟು 65. ಬ್ಯಾಟರಿ 12 ವೋಲ್ಟ್ 7 ಆಂಪ್ ಅವರ್. ಭಾಗಿಸಿದ್ರೆ 107 ಗಂಟೆ, ನಾಲ್ಕೂವರೆ ದಿನ! ಮೋಡ ಕಟ್ಟಿ ಐದನೇ ದಿನಕ್ಕೆ ಯಾಕೆ ಸಾಯ್ತಿತ್ತು ಅನ್ನೋದಕ್ಕೆ ಉತ್ತರ ಅಲ್ಲೇ ಇತ್ತು, ಎರಡು ವರ್ಷ ಎಲ್ಲರೂ ಸೂರ್ಯನನ್ನೇ ಬೈದಿದ್ದು. ಅದು ಉಣ್ತಿದ್ದದ್ದು 780 ಮಿಲಿವ್ಯಾಟ್.

ಹೊಸದಾಗಿ ಮಾಡಿದ್ದು ಹೀಗೆ. ಬೋರ್ಡ್ ಬಿಟ್ಟು ಬರೀ ಚಿಪ್, ಎಟಿಮೆಗಾ328ಪಿ, 3.3 ವೋಲ್ಟಲ್ಲಿ, ಸಿಮ್ ಬದಲು ಕಮ್ಮಿ ಕರೆಂಟಲ್ಲಿ ದೂರಕ್ಕೆ ಮುಟ್ಟಿಸೋ ಲೋರಾ ರೇಡಿಯೋ, ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ 865ರಿಂದ 868 ಮೆಗಾಹರ್ಟ್ಸ್ ಬ್ಯಾಂಡಲ್ಲಿ, ಗುಡ್ಡದಿಂದ ಮನೆಗೆ. ಮನೇಲಿ ಯುಪಿಎಸ್ ಇದೆ, ಅಲ್ಲಿಂದ ಮುಂದೆ ಫೋನಿಗೆ. ಒಂದು ಸಲ ಕಳಿಸೋದಕ್ಕೆ 40 ಮಿಲಿಆಂಪ್ ಒಂದು ಸೆಕೆಂಡ್, ಅಂದ್ರೆ 0.13 ಜೂಲ್, ಗಂಟೆಗೊಂದು ಸಲ ಕಳಿಸಿದ್ರೆ ದಿನಕ್ಕೆ ಮೂರು ಜೂಲ್, ಮಲಗಿರೋವಾಗಿನ ಕೆಲವು ಮೈಕ್ರೋಆಂಪ್ ಸೇರಿಸಿ ನಾಲ್ಕೂವರೆ. ಸರಾಸರಿ 50 ಮೈಕ್ರೋವ್ಯಾಟ್ ಚಿಲ್ಲರೆ, ಹಳೇದರ ಹದಿನೈದು ಸಾವಿರದಲ್ಲಿ ಒಂದು ಪಾಲು. ಇಷ್ಟಕ್ಕೆ ಅಂಗಡೀಲಿ ಸಿಗೋ ಮೂರು ಎಎ ಸೆಲ್ ಹಲವು ಮಳೆಗಾಲ ಬರ್ತವೆ. ಅಂಗೈ ಅಗಲದ ಸೋಲಾರ್ ಕೂಡ ಹಾಕಬಹುದಿತ್ತು, ದಟ್ಟ ಮೋಡದಲ್ಲೂ ಅದು ಇದರ ನೂರಾರು ಪಟ್ಟು ಕೊಡ್ತದೆ, ಅಂಕಲ್ ಸೆಲ್ಲೇ ಸಾಕು, ಬದಲಿಸೋದು ತೋಟದ ಲೆಕ್ಕ ಬರೆಯೋ ರೈಟರಿಗೂ ಗೊತ್ತಿರ್ತದೆ ಅಂದ್ರು. ನಂಗೂ ಸರಿ ಅನ್ನಿಸ್ತು.

ಇನ್ನು ಸದ್ದು. ಮಳೆ ಮಿಷನ್ನಿನ ಪಕ್ಕದಲ್ಲಿ, ಮರದ ತೊಟ್ಟಿಕ್ಕೋ ನೀರು ಬೀಳದ ಬಯಲಲ್ಲಿ, ಒಂದಡಿ ಚೌಕದ ಶೀಟ್ ತುಂಡನ್ನ ಸ್ವಲ್ಪ ಓರೆಯಾಗಿ ಕೂರಿಸಿ ಅಡಿಗೆ ಆ 27 ಮಿಲಿಮೀಟರ್ ಬಿಲ್ಲೆ ಅಂಟಿಸಿದೆ, ಮೇಲೆ ಸಿಲಿಕೋನ್ ಬಳಿದೆ. ಹನಿ ಬಿದ್ದಾಗ ಚಿಮ್ಮೋ ಆ ನಾಲ್ಕೈದು ವೋಲ್ಟ್ ವೋಲ್ಟೇಜ್ ಮಿತಿ ಮೀರದ ಹಾಗೆ ತಡೆಯೋ ಒಂದು ಜೀನರ್ ಡಯೋಡಿನ ಕಾವಲಲ್ಲಿ ಚಿಪ್ಪಿನ ಎಬ್ಬಿಸೋ ಪಿನ್ನಿಗೆ ಹೋಗ್ತದೆ. ಕೇಳಿಸಿಕೊಳ್ಳೋದಕ್ಕೆ ಬ್ಯಾಟರಿಯಿಂದ ಏನೂ ಖರ್ಚಿಲ್ಲ, ಹನಿಯೇ ತನ್ನ ಕರೆಂಟಲ್ಲಿ ಬಾಗಿಲು ತಟ್ಟುತ್ತದೆ. ಎಲೆಯೋ ಹಕ್ಕಿಯೋ ಬಿದ್ದರೆ ಎದ್ದು ಸುಮ್ಮನೆ ಮೆಸೇಜ್ ಹಾಕಬಾರದು ಅಂತ ಹತ್ತು ಸೆಕೆಂಡಲ್ಲಿ ಐದು ಹೊಡೆತ ಆದ್ರೆ ಮಾತ್ರ ಮಳೆ ಅಂತ ಲೆಕ್ಕ. ಮಳೆ ಇಲ್ಲದಾಗ ದಿನಕ್ಕೆ ಒಂದೇ ಮೆಸೇಜ್, ಬದುಕಿದ್ದೀನಿ ಅಂತ. ಮಳೆ ಹಿಡಿದ್ರೆ ಹದಿನೈದು ನಿಮಿಷಕ್ಕೊಂದು. ಅಳೆಯೋದು ಮೊದಲಿನ ಹಾಗೇ ಆಲಿಕೆಯಿಂದ ಇಳಿದ ನೀರು ತುಂಬಿದಾಗ ಮಗುಚೋ ಸೌಟು, ಒಂದು ಸಲ ಮಗುಚಿದ್ರೆ 0.01 ಇಂಚು, ಸರಿಯಾಗಿ ಒಂದು ಸೆಂಟ್.

ಆಗಸ್ಟ್ ಎರಡನೇ ವಾರ ರಾತ್ರಿ ಹತ್ತೂವರೆಗೆ ಅಂಕಲ್ ಫೋನ್ ಬಂತು. "ಎಂತ ಮಾರಾಯ ಇದು, ಶೀಟು ಮಳೆ ಅಂತದೆ, ಸೌಟು ಸೊನ್ನೆ ಅಂತದೆ, ಒಂದು ಗಂಟೆಯಿಂದ ಹೀಗೇ." ಇಂಥದ್ದು ಆಗ್ಬಹುದು ಅಂತ ನಾನು ಯೋಚನೆ ಮಾಡಿರಲಿಲ್ಲ. ಎರಡೂ ಒಂದೇ ಮಳೆಗೆ ನಿಂತಿರೋವಾಗ ಒಂದು ಮಾತ್ರ ಸೊನ್ನೆ ಅಂದ್ರೆ ನೀರು ಸೌಟಿಗೆ ಇಳೀತಾ ಇಲ್ಲ ಅಂತಾನೇ ಅರ್ಥ. ಹಳೇ ಮಿಷನ್ ಆಗಿದ್ರೆ ಸೊನ್ನೆ ಅಂತ ಬರೋದು, ನಾವು ಮೇಲೆ ಮಳೆ ಇಲ್ಲ ಅಂದ್ಕೊಂಡು ಮಲಗ್ತಿದ್ವಿ. ಆ ರಾತ್ರಿ ಅವರು ಸೌಟಿನ ಲೆಕ್ಕಕ್ಕೆ ಕಾಯಲಿಲ್ಲ, ಶೀಟಿನ ಮಾತು ನಂಬಿ ಲೈನ್ ಮನೆಯ ನಾಲ್ಕು ಸಂಸಾರವನ್ನ ಗೋಡೌನಿಗೆ ಕರ್ಕೊಂಡು ಬಂದ್ರು. ಬರೆ ಏನೂ ಜರಿಯಲಿಲ್ಲ, ಮಕ್ಕಳು ಕಾಫಿ ಮೂಟೆ ಪಕ್ಕ ನಿದ್ದೆ ಮಾಡಿದ್ವಂತೆ.

ಬೆಳಿಗ್ಗೆ ನಾನೂ ಹೋದೆ, ಕಾಲಿಗೆ ಸುಣ್ಣ ಹೊಗೆಸೊಪ್ಪು ಹಚ್ಚಿಕೊಂಡ್ರೂ ಜಿಗಣೆ ಬಿಡಲಿಲ್ಲ. ಮೇಲೆ ಹೋಗಿ ನೋಡಿದ್ರೆ ಆಲಿಕೆಯ ಬಾಯಲ್ಲಿ ಸಿಲ್ವರ್ ಓಕಿನ ಎಲೆ ಮಡಚಿಕೊಂಡು ಕೂತಿತ್ತು, ಅದರ ಮೇಲೆ ನೀರು ತುಂಬಿ ಅಂಚಿಂದ ಹೊರಗೆ ಹರೀತಾ ಇತ್ತು. ಎಲೆ ತೆಗೆದ ಕೂಡಲೇ ಸೌಟು ಟಕ್ ಟಕ್ ಅಂತ ಮಗುಚೋಕೆ ಶುರು. ಆಲಿಕೆಗೆ ಈಗ ಜಾಲರಿ ಹಾಕಿದೀವಿ, ಸೌಟಿಗೂ ಶೀಟಿಗೂ ಅರ್ಧ ಗಂಟೆ ತಾಳೆ ಆಗದಿದ್ರೆ ಬೇರೆಯೇ ಮೆಸೇಜ್ ಬರೋ ಹಾಗೆ ಪ್ರೋಗ್ರಾಮ್ ಬದಲಿಸಿದೀನಿ.

ಕೆಳಗೆ ಬಂದಾಗ ಅಂಕಲ್ ಅಂಗಳದ ಗಾಜಿನ ಅಳತೆ ಮುಗಿಸಿ ಪುಸ್ತಕ ಬಿಚ್ಚಿ ಕೂತಿದ್ರು. ಆ ದಿನದ ಸಾಲಲ್ಲಿ 4 ಇಂಚು 62 ಸೆಂಟ್ಸ್ ಅಂತ ಬರೆದು, ಗುಡ್ಡದ ಕಾಲಮ್ಮಲ್ಲಿ ಅಂಕಿ ಹಾಕದೆ, ಪೆನ್ಸಿಲಲ್ಲಿ ಸಣ್ಣದಾಗಿ "ಆಲಿಕೆ ಕಟ್ಟಿತ್ತು, ಶೀಟು ಹೇಳಿತು" ಅಂತ ಬರೆದ್ರು.